ನೊಂದವನ ಅಳತೆಗೋಲು

ಕಷ್ಟಪಟ್ಟವನಿಗೇ ಇನ್ನೊಬ್ಬರ ಕಷ್ಟ ತಿಳಿಯುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಬಡತನದಲ್ಲಿ ಬೆಳೆದವನು ಅಧಿಕಾರಕ್ಕೆ ಬಂದರೆ ಬಡವರ ಬಂಧುವಾಗುತ್ತಾನೆಂಬ ಆಸೆಗೂ ಇದೇ ಆಧಾರ. ಈ ನಂಬಿಕೆಯನ್ನು ಒರೆಗೆ ಹಚ್ಚುವುದಕ್ಕೆ ಆಂಗ್ಲ ನೌಕಾಪಡೆಯ ಒಬ್ಬ ತೋಪುಗಾರನ ಬಾಳು ತಕ್ಕ ನಿದರ್ಶನವಾಗಿದೆ.

ಆತನ ಹೆಸರು ವಿಲಿಯಂ ರಿಚರ್ಡ್‌ಸನ್. 1780ರಿಂದ 1819ರವರೆಗಿನ ತನ್ನ ಕಡಲ ಬಾಳನ್ನು ತಾನೇ ಬರೆದಿಟ್ಟ. ಅದು ಅಚ್ಚಾದದ್ದು 1908ರಲ್ಲಿ. ವ್ಯಾಪಾರದ ಹಡಗಿನಲ್ಲಿ ಚಾಕರಿಯ ಹುಡುಗನಾಗಿ ಸೇರಿದವನು ಗುಲಾಮರನ್ನು ಸಾಗಿಸುವ 'ಸ್ಪೈ' ಎಂಬ ಹಡಗಿನಲ್ಲಿಯೂ ದುಡಿದ. ಮುಂದೆ ಕಲ್ಕತ್ತೆಯಲ್ಲಿ ನೌಕಾಪಡೆಯವರು ಅವನನ್ನು ಬಲಾತ್ಕಾರವಾಗಿ ಹಿಡಿದು 'ಮಿನರ್ವ' ಎಂಬ ಯುದ್ಧನೌಕೆಗೆ ಹಾಕಿದರು. ಆ ಪಡೆಯ ನಾಯಕ, 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದ ಕಾರ್ನ್‌ವಾಲಿಸನ ತಮ್ಮ.

ಹಿಡಿದು ತಂದವನೇ ಕಾಲಕ್ರಮದಲ್ಲಿ ತೋಪುಗಾರನಾದ. ಹಡಗಿನ ಫಿರಂಗಿಗಳೂ ಮದ್ದಿನ ಮನೆಯೂ ಅವನ ಹೊಣೆ. ಆ ಮನೆಯೊಳಕ್ಕೆ ದೀಪ ತರುವಂತಿಲ್ಲ; ಪಕ್ಕದ ಕೋಣೆಯ ದೀಪದ ಬೆಳಕು ಗಾಜಿನ ಮೂಲಕ ಬೀಳಬೇಕು. ಒಂದು ಕಿಡಿ ತಪ್ಪಿದರೆ ನೂರಾರು ಜನರ ಪ್ರಾಣ ಹೋಗುತ್ತದೆ. 1800ರಲ್ಲಿ ಹೆಂಡತಿಯನ್ನು ಕರೆದುಕೊಂಡು 'ಟ್ರಾಂಪ್' ನೌಕೆಯಲ್ಲಿ ವೆಸ್ಟ್ ಇಂಡೀಸಿಗೆ ಹೋದ. 1809ರಲ್ಲಿ ಫ್ರಾನ್ಸಿನ ತೀರದ ಬಾಸ್ಕ್ ರೋಡ್ಸ್ ಕದನದಲ್ಲಿ 'ಸೀಸರ್' ನೌಕೆಯ ಮೇಲಿದ್ದ.

ಈ ಮನುಷ್ಯ ಒಂದೆಡೆ ಹೇಳುವ ಮಾತಿನ ಸಾರ ಹೀಗಿದೆ: ಜನ ಕರಿಯರ ದಾಸ್ಯವನ್ನೂ ಅವರ ಬೆನ್ನ ಮೇಲಿನ ಚಾವಟಿಯನ್ನೂ ಕುರಿತು ಮಾತಾಡುತ್ತಾರೆ, ಮನೆಯ ಹತ್ತಿರವೇ ನೋಡಬಾರದೆ? ದೂರದ ಯಾನ ಮುಗಿಸಿ ಮನೆಬಾಗಿಲಿಗೆ ಬಂದ ನಾವಿಕನನ್ನು ಕಳ್ಳನಂತೆ ಎಳೆದೊಯ್ಯುತ್ತಾರೆ. ಎದುರಾಡಿದರೆ ಅವನಿಗೆ ಬೀಳುವ ಏಟು ಗುಲಾಮನ ಏಟಿಗಿಂತ ಕ್ರೂರ.

ಅವನ ನೋವು ಸುಳ್ಳಲ್ಲ. ಓಡಿಹೋಗಿ ಸಿಕ್ಕಿಬಿದ್ದ ನಾವಿಕನನ್ನು ನೌಕೆಯಿಂದ ನೌಕೆಗೆ ಒಯ್ದು, ಒಂದೊಂದರ ಪಕ್ಕದಲ್ಲಿಯೂ ಹೊಡೆಯುವ ಶಿಕ್ಷೆ ಆಗ ಇತ್ತು. ಆದರೆ ಅವನ ಹೋಲಿಕೆ ಸರಿಯೆ? ಸೆರೆಸಿಕ್ಕ ನಾವಿಕನಿಗೆ ಸಂಬಳವುಂಟು, ಬಡ್ತಿಯುಂಟು. ಅವನ ಮಗ ಮತ್ತೊಬ್ಬನ ಸೊತ್ತಾಗಿ ಹುಟ್ಟುವುದಿಲ್ಲ. ಅದೇ ನೌಕಾಪಡೆಯಲ್ಲಿ ಒಲಾಡಾ ಈಕ್ವಿಯಾನೊ ಎಂಬ ಗುಲಾಮ ಹುಡುಗ 1759ರ ಲಾಗೋಸ್ ಕದನದಲ್ಲಿ ಫಿರಂಗಿಗೆ ಮದ್ದು ಹೊತ್ತುಕೊಟ್ಟ. ಪ್ರಾಣಭಯ ಎಲ್ಲರಿಗೂ ಒಂದೇ. ಆದರೆ ಈ ಹುಡುಗನ ಸಂಬಳ ಹೋದದ್ದು ಧಣಿಯ ಜೇಬಿಗೆ, ಮತ್ತು 1762ರಲ್ಲಿ ಆ ಧಣಿ ಅವನನ್ನೇ ಮಾರಿಬಿಟ್ಟ.

ಗುಲಾಮರ ಹಡಗನ್ನು ಕಣ್ಣಾರೆ ಕಂಡವನಿಗೆ ಈ ಅಂತರ ಏಕೆ ಹೊಳೆಯಲಿಲ್ಲ? ನನಗೆ ತೋರುವುದು ಇಷ್ಟು: ನೋವು ಮೊದಲು ಮನುಷ್ಯನ ದೃಷ್ಟಿಯನ್ನು ಅವನ ಗಾಯದ ಕಡೆಗೇ ತಿರುಗಿಸುತ್ತದೆ. ಆಗ ಪರರ ನೋವು ನೆಂಟನಂತೆ ಕಾಣದೆ ಪ್ರತಿಸ್ಪರ್ಧಿಯಂತೆ ಕಾಣುತ್ತದೆ. ಲೋಕದ ಕನಿಕರವೆಲ್ಲ ಅತ್ತ ಹೋದರೆ ನನ್ನ ಪಾಲಿಗೆ ಏನು ಉಳಿದೀತು ಎಂಬ ಶಂಕೆ ಹುಟ್ಟುತ್ತದೆ.

ಇದು ಬಿಳಿಯರ ದೋಷ ಎಂದು ಕೈತೊಳೆದುಕೊಳ್ಳುವಂತಿಲ್ಲ. 1766ರಲ್ಲಿ ಹಣ ತೆತ್ತು ಬಿಡುಗಡೆ ಪಡೆದ ಈಕ್ವಿಯಾನೊ ಕೂಡ, ಹತ್ತು ವರ್ಷಗಳ ತರುವಾಯ ಮಧ್ಯ ಅಮೆರಿಕದ ಒಂದು ತೋಟಕ್ಕಾಗಿ ಗುಲಾಮರನ್ನು ಆರಿಸಿ ಕೊಳ್ಳುವುದರಲ್ಲಿ ನೆರವಾದ! ಚಾವಟಿಯ ನೆನಪು ಅವನ ಕೈ ತಡೆಯಲಿಲ್ಲ. ಆದರೆ ಅವನು ಅಲ್ಲಿಯೇ ನಿಲ್ಲಲಿಲ್ಲ. 1789ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿ, ಊರೂರು ತಿರುಗಿ ಆ ವ್ಯಾಪಾರದ ವಿರುದ್ಧ ಜನರನ್ನು ಎಚ್ಚರಿಸಿದ. 1807ರಲ್ಲಿ ಬ್ರಿಟನ್ ಅದನ್ನು ನಿಷೇಧಿಸಿತು; ನೋಡಲು ಅವನು ಬದುಕಿರಲಿಲ್ಲ.

ಸೊಸೆಯಾಗಿ ಕಣ್ಣೀರಿಟ್ಟವಳು ಅತ್ತೆಯಾಗಿ ಗದರುವುದನ್ನೂ, ಮೇಲಧಿಕಾರಿಯಿಂದ ಬೈಸಿಕೊಂಡ ಗುಮಾಸ್ತ ಜವಾನನ ಮೇಲೆ ಹರಿಹಾಯುವುದನ್ನೂ ನಾವು ಕಂಡಿದ್ದೇವೆ. ಕೇಳಿದರೆ ಇಬ್ಬರೂ ಹೇಳುವುದು ಒಂದೇ: "ನಾವು ಪಟ್ಟದ್ದರ ಮುಂದೆ ಇದೇನು ಮಹಾ!" ನೋವು ಬೇಡದೆಯೇ ಬರುತ್ತದೆ; ಅನುಕಂಪ ಹಾಗೆ ಬರುವುದಿಲ್ಲ. ನಮ್ಮ ಅಳತೆಗೋಲನ್ನು ಸ್ವಲ್ಪ ಹೊತ್ತು ಕೆಳಗಿಟ್ಟು ಎದುರಿನವನನ್ನು ವಿಚಾರಿಸುವ ಶ್ರಮಪಟ್ಟರೆ ಮಾತ್ರ ಅದು ದಕ್ಕೀತು.