ಗೆಲುವನ್ನು ನೆನೆಯುವ ಬಗೆ: ಕೋರೆಗಾಂವ್ ದಿನದ ಧಮ್ಮ ಚಿಂತನೆ



ಇಂದು ಜನವರಿ 1. ಬೆಳಗಿನಿಂದ ನಿಮ್ಮ ಮೊಬೈಲಿಗೆ ಹೊಸ ವರ್ಷದ ಶುಭಾಶಯಗಳು ಎಷ್ಟು ಬಂದಿವೆಯೋ ಅಷ್ಟೇ ಕೋರೆಗಾಂವ್ ವಿಜಯಸ್ತಂಭದ ಚಿತ್ರಗಳೂ ಬಂದಿರುತ್ತವೆ. ಸಂಜೆ ನಮ್ಮ ಓಣಿಯಲ್ಲೂ ಥರ್ಮಾಕೋಲಿನ ಸ್ತಂಭ ನಿಲ್ಲುತ್ತದೆ. ಮೇಣದ ಬತ್ತಿ ಹಚ್ಚಿ ತ್ರಿಸರಣ, ಪಂಚಶೀಲ ಹೇಳುತ್ತೇವೆ. ಅದಕ್ಕೂ ಮುಂಚೆ ಒಂದು ಮಾತನ್ನು ನಿಮ್ಮ ಮುಂದೆ ಇಡಬೇಕಾಗಿದೆ. ಇವತ್ತಿನದು ಸ್ವಲ್ಪ ಉದ್ದವಾಗಿದೆ, ಬೇಸರ ಮಾಡಿಕೊಳ್ಳದೆ ಓದಿ.

ಹೋದ ವಾರ ಎಂಟನೇ ತರಗತಿಯ ಒಬ್ಬ ಹುಡುಗಿ ನನ್ನನ್ನು ಕೇಳಿದಳು: "ಟೀಚರ್ರೀ, ಅಕ್ಟೋಬರ್‌ನ್ಯಾಗ ಕಿತ್ತೂರು ಉತ್ಸವಕ್ಕ ಹೋದ್ವಿ. ಇಂಗ್ಲಿಷರನ್ನ ಸೋಲಿಸಿದ ಚೆನ್ನಮ್ಮಗ ಜೈ ಅಂದ್ವಿ. ಈಗ ಜನವರಿಯಾಗ ಇಂಗ್ಲಿಷರು ಗೆದ್ದಿದ್ದಕ್ಕ ಜೈ ಅಂತೀವಿ. ಎರಡೂ ಹ್ಯಾಂಗ ಖರೆ ಆಗ್ತಾವ್ರೀ?"

ನಾನು ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಆದರೂ ಆ ಹೊತ್ತಿಗೆ ಉತ್ತರ ಬಾಯಿಗೆ ಬರಲಿಲ್ಲ. "ನಾಳೆ ಹೇಳ್ತೀನವಾ" ಅಂದೆ. ಆಕೆಗೆ ಹೇಳಿದ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಅದು ನಮ್ಮೆಲ್ಲರ ಪ್ರಶ್ನೆ.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಅದು ಎಲ್ಲರಿಗೂ ಗೊತ್ತು. ಆದರೆ ಅದಕ್ಕೆ ಆರು ವರ್ಷ ಮುಂಚೆ ಏನಾಗಿತ್ತು? ಧಾರವಾಡ ಸೀಮೆ ಆಗ ಪೇಶ್ವೆಯ ಕೈಯಿಂದ ಕಂಪನಿಯ ಕೈಗೆ ಹೋಗುತ್ತಿತ್ತು. 1817ರ ಪುಣೆ ಒಪ್ಪಂದದಂತೆ ಪೇಶ್ವೆ ಧಾರವಾಡವನ್ನು ಬಿಟ್ಟುಕೊಟ್ಟಿದ್ದ, ವಶಕ್ಕೆ ತೆಗೆದುಕೊಳ್ಳಲು ಥಾಮಸ್ ಮನ್ರೋ ಬಂದಿದ್ದ. 1818ರಲ್ಲಿ ಮನ್ರೋ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ಕಿತ್ತೂರಿನ ದೇಸಾಯಿ ಕಂಪನಿಗೆ ನೆರವು ಕೊಟ್ಟ. ಆತನ ತಂದೆ ಮಲ್ಲಸರ್ಜನನ್ನು ಪೇಶ್ವೆ ಪುಣೆಯಲ್ಲಿ ಸೆರೆ ಇಟ್ಟಿದ್ದ. ಹಾಗಾದರೆ ಕಿತ್ತೂರಿನವರು ದೇಶದ್ರೋಹಿಗಳೇ? ಅಲ್ಲ. ಕುತ್ತಿಗೆ ಹಿಡಿದವನ ಕೈಯಿಂದ ಬಿಡಿಸಿಕೊಳ್ಳುವುದು ಮನುಷ್ಯನ ಮೊದಲ ಕೆಲಸ. ಆ ಹೊತ್ತಿಗೆ ಕುತ್ತಿಗೆ ಹಿಡಿದವನು ಪೇಶ್ವೆ. ಆರು ವರ್ಷದ ನಂತರ ಕುತ್ತಿಗೆಗೆ ಕೈ ಹಾಕಿದ್ದು ಕಂಪನಿ. ಆಗ ಅದೇ ಕಿತ್ತೂರು ಕಂಪನಿಯ ಮೇಲೆ ಕತ್ತಿ ಎತ್ತಿತು.

ಒಂದು ಸಂಸ್ಥಾನಕ್ಕೆ ನಾವು ಕೊಡುವ ಈ ತಿಳುವಳಿಕೆಯನ್ನು ಊರ ಹೊರಗೆ ಇಟ್ಟಿದ್ದ ಮಹಾರರಿಗೆ ಯಾಕೆ ಕೊಡಬಾರದು? ಪೇಶ್ವೆಯರ ಪುಣೆಯಲ್ಲಿ ಅಸ್ಪೃಶ್ಯನು ಹೆಜ್ಜೆ ಗುರುತು ಅಳಿಸಲು ಸೊಂಟಕ್ಕೆ ಕಸಬರಿಗೆ ಕಟ್ಟಿಕೊಳ್ಳಬೇಕಿತ್ತು, ಉಗುಳಲು ಕೊರಳಿಗೆ ಮಡಕೆ ಕಟ್ಟಿಕೊಳ್ಳಬೇಕಿತ್ತು ಎಂದು ಬಾಬಾಸಾಹೇಬರು 'ಜಾತಿ ವಿನಾಶ'ದಲ್ಲಿ ಬರೆದಿದ್ದಾರೆ. ಕಸಬರಿಗೆ ಕಟ್ಟಿದ ಸೊಂಟಕ್ಕೆ ಕತ್ತಿ ಕಟ್ಟಲು ಅವಕಾಶ ಸಿಕ್ಕಿದ್ದು ಕಂಪನಿಯ ಪಲ್ಟನ್ನಿನಲ್ಲಿ. ಅವರು ಅಲ್ಲಿಗೆ ಹೋದರು.

ಇಷ್ಟು ಹೇಳಿದ ಮೇಲೆ ಆ ಹುಡುಗಿ ತಲೆಯಾಡಿಸಿದಳು. ಆದರೆ ನನಗೆ ಸಮಾಧಾನ ಆಗಲಿಲ್ಲ. ಅರ್ಧ ಉತ್ತರವನ್ನಷ್ಟೇ ಹೇಳಿದ್ದೆ. ಉಳಿದರ್ಧ ನಮ್ಮ ಓಣಿಯದು.

ಮೂರು ವರ್ಷದ ಹಿಂದೆ ನಮ್ಮ ಹುಡುಗರು ಜನವರಿ 1ರಂದು ಕೋರೆಗಾಂವ್ ಯುದ್ಧದ ರೂಪಕ ಆಡಿದ್ದು ನಿಮಗೆ ನೆನಪಿರಬಹುದು. ರಟ್ಟಿನ ಕತ್ತಿ, ಬಣ್ಣದ ಕಾಗದದ ಟೋಪಿ, ಸೌಂಡ್ ಬಾಕ್ಸಿನಲ್ಲಿ ತೋಪಿನ ಸದ್ದು. ಎಲ್ಲ ಹುಡುಗರೂ ಮಹಾರ್ ಸಿಪಾಯಿ ಆಗುವವರೇ. ಪೇಶ್ವೆ ಕಡೆಯವನಾಗಲು ಒಬ್ಬನೂ ಮುಂದೆ ಬರಲಿಲ್ಲ. ಕೊನೆಗೆ ಪಕ್ಕದ ಓಣಿಯಿಂದ ನಮ್ಮ ಹುಡುಗರ ಜೊತೆ ಕ್ರಿಕೆಟ್ ಆಡಲು ಬರುತ್ತಿದ್ದ, ಬೇರೆ ಜಾತಿಯ ಒಬ್ಬ ಹುಡುಗನಿಗೆ ಆ ಪಾತ್ರ ಕೊಟ್ಟರು. ಹತ್ತು ವರ್ಷದ ಕೂಸು. ಆಟದಲ್ಲಿ ಸೇರಿಸಿಕೊಂಡರಲ್ಲ ಎಂಬ ಖುಷಿಯಲ್ಲಿ ಒಪ್ಪಿಕೊಂಡ.

ಆಟ ಶುರುವಾಯಿತು. ಮೊದಲು ರಟ್ಟಿನ ಕತ್ತಿ ತಾಗಿತು, ಆಮೇಲೆ ಕೈ ತಾಗಿತು. ಕೆಳಗೆ ಬಿದ್ದವನನ್ನು ಏಳಗೊಡಲಿಲ್ಲ. ನಾವು ದೊಡ್ಡವರು ಕುರ್ಚಿಯ ಮೇಲೆ ಕೂತು ಚಪ್ಪಾಳೆ ಹೊಡೆದೆವು. ನಾನೂ ಹೊಡೆದೆ. ಹುಡುಗ ಎದ್ದಾಗ ತುಟಿ ಒಡೆದಿತ್ತು. ಅವನ ತಾಯಿ ಬಂದಳು. ಜಗಳ ತೆಗೆಯಲಿಲ್ಲ, ಒಂದು ಮಾತೂ ಆಡಲಿಲ್ಲ. ಸೆರಗಿನಿಂದ ಅವನ ಬಾಯಿ ಒರೆಸಿ ಕರೆದುಕೊಂಡು ಹೋದಳು. ಆ ಹುಡುಗ ಮತ್ತೆ ನಮ್ಮ ಓಣಿಗೆ ಆಡಲು ಬರಲಿಲ್ಲ.

ಆಕೆ ಹೋಗುವಾಗ ನಮ್ಮ ಕಡೆ ನೋಡಿದ ನೋಟ ನನಗೆ ಪರಿಚಿತ. ನಮ್ಮ ಅವ್ವ ನನ್ನನ್ನು ಊರ ಬಾವಿಯ ಹತ್ತಿರದಿಂದ ಕರೆದುಕೊಂಡು ಹೋಗುವಾಗ ಹಾಗೆಯೇ ನೋಡಿದ್ದಳು. ಆ ಸಂಜೆ ನಾವು ಪಂಚಶೀಲ ಹೇಳಿಯೇ ಕಾರ್ಯಕ್ರಮ ಮುಗಿಸಿದೆವು. ನನ್ನ ಬಾಯಿ ಹೇಳಿತು. ಮನಸ್ಸು ಹೇಳಲಿಲ್ಲ.

ಬಂಧುಗಳೇ, ಯುದ್ಧವನ್ನು ನೆನೆಯುವುದಕ್ಕೂ ಯುದ್ಧವನ್ನು ಮತ್ತೆ ಆಡುವುದಕ್ಕೂ ವ್ಯತ್ಯಾಸ ಇದೆ. ಬೌದ್ಧರಾದ ನಾವು ಈ ವ್ಯತ್ಯಾಸ ತಿಳಿಯದಿದ್ದರೆ ಇನ್ನಾರು ತಿಳಿದಾರು?

ನಮ್ಮ ಧಮ್ಮದಲ್ಲಿ 'ಸತಿ' ಎಂಬ ಪಾಲಿ ಶಬ್ದವಿದೆ. ಸಮ್ಮಾಸತಿ ಅಷ್ಟಾಂಗ ಮಾರ್ಗದ ಏಳನೆಯ ಅಂಗ. ಇದನ್ನು ಎಚ್ಚರ ಎಂದು ಅನುವಾದಿಸುತ್ತೇವೆ. ಸಂಸ್ಕೃತದಲ್ಲಿ ಅದೇ ಶಬ್ದ 'ಸ್ಮೃತಿ', ಅಂದರೆ ನೆನಪು. ಎಚ್ಚರವೂ ನೆನಪೂ ಒಂದೇ ಶಬ್ದ. ಎಚ್ಚರವಿಲ್ಲದ ನೆನಪು ಸಮ್ಮಾಸತಿ ಅಲ್ಲ, ಅದು ಬರೀ ಕೆರಳುವಿಕೆ.

1927ರ ಇಸವಿಯನ್ನು ನೋಡಿ. ಜನವರಿ 1ರಂದು ಬಾಬಾಸಾಹೇಬರು ಕೋರೆಗಾಂವ್ ಸ್ತಂಭದ ಮುಂದೆ ನಿಂತರು. ಅದೇ ವರ್ಷ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿಯನ್ನು ಸುಡಲಾಯಿತು. ವರ್ಷದ ಮೊದಲ ದಿನ ಒಂದು ಸ್ಮೃತಿಯನ್ನು ಎತ್ತಿ ನಿಲ್ಲಿಸಿದರು, ವರ್ಷದ ಕೊನೆಯ ವಾರ ಇನ್ನೊಂದು ಸ್ಮೃತಿಯನ್ನು ಬೆಂಕಿಗೆ ಹಾಕಿದರು. ಯಾವ ನೆನಪು ಮನುಷ್ಯನನ್ನು ಎತ್ತುತ್ತದೆ, ಯಾವ ನೆನಪು ತುಳಿಯುತ್ತದೆ ಎಂದು ಆರಿಸಿದರು. ಆ ಆರಿಸುವ ಕೆಲಸ ಪ್ರತಿ ವರ್ಷ ನಮ್ಮದು.

ಅವರು ಕೋರೆಗಾಂವ್‌ಗೆ ಹೋದದ್ದು ಯಾಕೆ? ಆ ಸ್ತಂಭದ ಮೇಲೆ ಸತ್ತ ಸಿಪಾಯಿಗಳ ಹೆಸರು ಕೆತ್ತಿವೆ. 'ನಾಕ್' ಎಂದು ಕೊನೆಯಾಗುವ 22 ಹೆಸರುಗಳನ್ನು ಮಹಾರರವೆಂದು ಗುರುತಿಸುತ್ತಾರೆ. ಯಾರ ನೆರಳು ಬೀಳಬಾರದಿತ್ತೋ ಅವರ ಹೆಸರು ಕಲ್ಲಿನ ಮೇಲೆ ನಿಂತಿತು. ಆದರೆ ಗೆದ್ದುಕೊಟ್ಟವರನ್ನು ಬ್ರಿಟಿಷರೂ ಕೈಬಿಟ್ಟರು. 1890ರ ದಶಕದಲ್ಲಿ ಮಹಾರರು ಯೋಧರ ಜಾತಿಯಲ್ಲ ಎಂದು ಸೈನ್ಯದ ಭರ್ತಿ ನಿಲ್ಲಿಸಿದರು. ಬಾಬಾಸಾಹೇಬರ ತಂದೆ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಅಂಥ ಮನೆಯ ಮಗ ಆ ಕಲ್ಲಿನ ಮುಂದೆ ನಿಂತದ್ದು ಕಂಪನಿಗೆ ಜೈ ಅನ್ನಲಿಕ್ಕಲ್ಲ. ನಿಮ್ಮ ರಕ್ತದಲ್ಲಿ ಹೇಡಿತನವಿಲ್ಲ ಎಂದು ತನ್ನ ಜನಕ್ಕೆ ಹೇಳಲಿಕ್ಕೆ.

ಹಾಗೆಂದು ಸುಳ್ಳು ಸೇರಿಸುವ ಅಗತ್ಯ ನಮಗಿಲ್ಲ. 500 ಮಹಾರರು 28,000 ಪೇಶ್ವೆ ಸೈನಿಕರನ್ನು ಕೊಂದರು ಎಂಬ ಫಾರ್ವರ್ಡ್ ಪ್ರತಿ ವರ್ಷ ಬರುತ್ತದೆ. ದಯವಿಟ್ಟು ಅದನ್ನು ಮುಂದೆ ಕಳಿಸಬೇಡಿ. 1818ರ ಜನವರಿ 1ರಂದು ಕ್ಯಾಪ್ಟನ್ ಸ್ಟಾಂಟನ್‌ನ ಜೊತೆ ಇದ್ದವರು ಸುಮಾರು 800 ಜನ. ಮಹಾರರ ಜೊತೆ ಮರಾಠರು, ಮುಸ್ಲಿಮರು, ಬೇರೆಯವರೂ ಇದ್ದರು. ಪೇಶ್ವೆಯ ಇಡೀ ದಂಡು 28,000ದಷ್ಟಿತ್ತು, ಆದರೆ ಊರೊಳಗೆ ನುಗ್ಗಿ ಕಾದಿದವರು ಅದರ ಸಣ್ಣ ಭಾಗ. ಅವರಲ್ಲಿ ಅರಬರೇ ಹೆಚ್ಚು. ಹಿಂದಿನ ರಾತ್ರಿಯೆಲ್ಲಾ ಶಿರೂರಿನಿಂದ ನಡೆದು ಬಂದು, ನೀರಿಲ್ಲದೆ ಅನ್ನವಿಲ್ಲದೆ, ಇಡೀ ಹಗಲು ಆ ಸಣ್ಣ ಪಡೆ ಊರನ್ನು ಬಿಟ್ಟುಕೊಡಲಿಲ್ಲ. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಆ ಕಡೆ 275 ಜನ. ಈ ನಿಜವೇ ಸಾಕಷ್ಟು ದೊಡ್ಡದು. ನಾಲ್ಕನೆಯ ಶೀಲ ಸುಳ್ಳಿನಿಂದ ದೂರವಿರುವುದು. ಅದು ಮೊಬೈಲಿಗೆ ಅನ್ವಯಿಸುವುದಿಲ್ಲ ಎಂದು ಭಗವಾನರು ಎಲ್ಲೂ ಹೇಳಿಲ್ಲ.

ಇನ್ನು ಮೊದಲನೆಯ ಶೀಲ. ಕೊಲ್ಲುವುದರಿಂದ ದೂರವಿರುವೆ ಎನ್ನುವವರು ಯುದ್ಧವನ್ನು ಹೇಗೆ ಹಬ್ಬ ಮಾಡುವುದು?

ಇದಕ್ಕೆ ಬಾಬಾಸಾಹೇಬರ ಬದುಕೇ ಉತ್ತರ. ಕೋರೆಗಾಂವ್ ಸ್ತಂಭಕ್ಕೆ ನಮಿಸಿದ ಅದೇ ಮನುಷ್ಯ ತನ್ನ ಕೊನೆಯ ಗ್ರಂಥ 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಸಿದ್ಧಾರ್ಥ ಮನೆ ಬಿಟ್ಟ ಕಥೆಯನ್ನು ಬೇರೆಯಾಗಿ ಹೇಳಿದರು. ಮುದುಕ, ರೋಗಿ, ಹೆಣ ನೋಡಿ ಬಿಟ್ಟದ್ದಲ್ಲ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರು ಕೋಲಿಯರ ಮೇಲೆ ಯುದ್ಧಕ್ಕೆ ಹೊರಟರು. ಸಿದ್ಧಾರ್ಥ ಸಂಘದ ಸಭೆಯಲ್ಲಿ ಎದ್ದು ನಿಂತು ಬೇಡ ಅಂದ. ಬಹುಮತ ಯುದ್ಧದ ಕಡೆ ಬಂತು. ಆತ ಮನೆ ಬಿಟ್ಟ, ಕತ್ತಿ ಹಿಡಿಯಲಿಲ್ಲ. ಮಹದಾಯಿ ನೀರಿಗಾಗಿ ವರ್ಷಗಟ್ಟಲೆ ಧರಣಿ ಕಂಡ ನಮ್ಮ ಸೀಮೆಯವರಿಗೆ ನದಿಯ ಜಗಳ ಏನೆಂದು ಹೇಳಿಕೊಡಬೇಕಿಲ್ಲ. ಎಲ್ಲರೂ ಹೂಂ ಅನ್ನುವಾಗ ಒಬ್ಬ ಊಹೂಂ ಅನ್ನಲು ಎಷ್ಟು ಧೈರ್ಯ ಬೇಕು, ಯೋಚಿಸಿ. ಕೋರೆಗಾಂವಿನ ಸಿಪಾಯಿಯ ಧೈರ್ಯ ಕಡಿಮೆಯಲ್ಲ. ಆದರೆ ಆ ಸಭೆಯಲ್ಲಿ ಎದ್ದು ನಿಂತವನ ಧೈರ್ಯ ಅದಕ್ಕಿಂತ ಒಂದು ಮೆಟ್ಟಿಲು ಮೇಲಿದೆ.

ದೀಕ್ಷೆಗೆ ಅವರು ಆರಿಸಿದ ದಿನ ಯಾವುದು? 1956ರ ಅಕ್ಟೋಬರ್ 14, ಅಶೋಕ ವಿಜಯದಶಮಿ. ಅದೂ ವಿಜಯದ ದಿನವೇ. ಆದರೆ ಗೆದ್ದ ಮೇಲೆ ಕತ್ತಿ ಕೆಳಗಿಟ್ಟವನ ವಿಜಯ. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆ ಒಯ್ದೆವು ಎಂದು ಗೆದ್ದವನೇ ಪಶ್ಚಾತ್ತಾಪದಿಂದ ಹದಿಮೂರನೆಯ ಶಾಸನದಲ್ಲಿ ಕೆತ್ತಿಸಿದ. ಒಂದು ಸೂಕ್ಷ್ಮ ಗಮನಿಸಿ: ಕಳಿಂಗದ ಧೌಲಿ ಮತ್ತು ಜೌಗಡದ ಬಂಡೆಗಳ ಮೇಲೆ ಈ ಶಾಸನವಿಲ್ಲ. ಅದರ ಬದಲು ಬೇರೆ ಎರಡು ಶಾಸನಗಳಿವೆ. ಪ್ರಜೆಗಳೆಲ್ಲ ನನ್ನ ಮಕ್ಕಳು, ಯಾರನ್ನೂ ಕಾರಣವಿಲ್ಲದೆ ಹಿಂಸಿಸಬೇಡಿ ಎಂದು ಅಧಿಕಾರಿಗಳಿಗೆ ಹೇಳುವ ಮಾತುಗಳು ಅವು. ಸೋತವರ ಮನೆಯಂಗಳದಲ್ಲಿ ಆ ಲೆಕ್ಕ ಓದಲಿಲ್ಲ.

ಆ ಎರಡು ಶಾಸನಗಳು ನಮ್ಮ ನಾಡಿನಲ್ಲೂ ಸಿಕ್ಕಿವೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬ ಗುಡಿಯ ಆವರಣದಲ್ಲಿ, ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ. ಸನ್ನತಿ ಇರುವುದು ಭೀಮಾ ನದಿಯ ದಂಡೆಯಲ್ಲಿ. ಕೋರೆಗಾಂವ್ ಇರುವುದೂ ಅದೇ ಭೀಮೆಯ ದಂಡೆಯಲ್ಲಿ. ಮೇಲೆ ಹೆಸರು ಕೆತ್ತಿದ ಕಲ್ಲು, ಕೆಳಗೆ ಕರುಣೆ ಕೆತ್ತಿದ ಕಲ್ಲು. ನದಿ ಒಂದನ್ನು ದಾಟಿ ಇನ್ನೊಂದಕ್ಕೆ ಬರುತ್ತದೆ. ನಾವೂ ಬರಬೇಕು. ಮೊದಲ ಕಲ್ಲನ್ನು ಮರೆತರೆ ತಲೆ ತಗ್ಗುತ್ತದೆ. ಅಲ್ಲೇ ನಿಂತುಬಿಟ್ಟರೆ ಧಮ್ಮ ನಿಂತುಹೋಗುತ್ತದೆ.

2018ರಲ್ಲಿ, ಯುದ್ಧಕ್ಕೆ 200 ವರ್ಷವಾದ ದಿನ, ಕೋರೆಗಾಂವ್ ಸುತ್ತಮುತ್ತ ಕಲ್ಲು ತೂರಿದರು, ಗಾಡಿ ಸುಟ್ಟರು, ಒಬ್ಬ ಯುವಕನ ಜೀವ ಹೋಯಿತು. ನಮ್ಮ ನೆನಪನ್ನು ಸಹಿಸದವರು ಇನ್ನೂ ಇದ್ದಾರೆ. ಅದಕ್ಕಾಗಿ ನಾವು ಸ್ತಂಭದ ಮುಂದೆ ನಿಲ್ಲುವುದನ್ನು ಬಿಡುವುದಿಲ್ಲ. ಆದರೆ ಅವರಂತೆ ಆಗುವುದೂ ಇಲ್ಲ.

ಕೊನೆಯದಾಗಿ ಇಂದಿನ ಸಾಧನೆ. ಈ ಸಂಜೆ ಕತ್ತಿಯ ಆಟ ಬೇಡ. ಮಕ್ಕಳೇ ಸಾಲಾಗಿ ನಿಂತು ಸ್ತಂಭದ ಮೇಲಿನ ಹೆಸರುಗಳನ್ನು ಓದಲಿ, 'ನಾಕ್' ಇರುವವನ್ನೂ ಇಲ್ಲದವನ್ನೂ. ಆಮೇಲೆ ಆ ದಿನ ಎದುರು ಕಡೆ ಸತ್ತವರಿಗಾಗಿಯೂ ಒಂದು ನಿಮಿಷ ಮೌನವಾಗಿ ಮೆತ್ತಾ ಭಾವನೆ ಮಾಡೋಣ. ಹಿರಿಯರಿಗೆ ಇದು ಕಷ್ಟವಾದೀತು, ನನಗೂ ಕಷ್ಟವೇ. ಮೆತ್ತಾ ಸುಲಭವಾಗಿದ್ದರೆ ಅದನ್ನು ಅಭ್ಯಾಸ ಮಾಡಿ ಎಂದು ಹೇಳಬೇಕಿರಲಿಲ್ಲ.

ಮುಂದಿನ ಯುದ್ಧ ಎಲ್ಲಿದೆ ಎಂದು ಹುಡುಗರು ಕೇಳಿದರೆ ಅವರಿಗೆ ನಮ್ಮ ಊರಿನದೇ ಕಥೆ ಹೇಳಿ. ಕೋರೆಗಾಂವ್‌ಗೆ ಹೋಗಿ ಬಂದ ಮರುವರ್ಷ, 1928ರಲ್ಲಿ, ಬಾಬಾಸಾಹೇಬರು ಶೋಷಿತ ವರ್ಗಗಳ ಶಿಕ್ಷಣ ಸಂಸ್ಥೆ ಕಟ್ಟಿದರು. ಅದರ ಮೂಲಕ ನಡೆದ ಬೋರ್ಡಿಂಗುಗಳಲ್ಲಿ ಒಂದು ನಮ್ಮ ಧಾರವಾಡದ್ದು. ಸ್ತಂಭದ ಮುಂದೆ ನಿಂತವರು ನೇರವಾಗಿ ಬಂದದ್ದು ಮಕ್ಕಳ ಊಟ, ಪಾಟಿ, ಪುಸ್ತಕದ ಕೆಲಸಕ್ಕೆ.

ನಾನು ಮಾತ್ರ ಇವತ್ತು ಸಂಜೆ ಐದಕ್ಕೆ ಪಕ್ಕದ ಓಣಿಗೆ ಹೋಗುತ್ತೇನೆ. ಆ ಹುಡುಗನಿಗೆ ಈಗ ಹದಿಮೂರು. ಅವನ ತಾಯಿಯ ಹತ್ತಿರ ಕ್ಷಮೆ ಕೇಳಿ, ಕಾರ್ಯಕ್ರಮಕ್ಕೆ ಬನ್ನಿ ಎಂದು ಕರೆಯುತ್ತೇನೆ. ಮೂರು ವರ್ಷ ತಡವಾಯಿತು. ಆಕೆ ಬರದಿದ್ದರೂ ಒಂದು ಕುರ್ಚಿ ಖಾಲಿ ಇಡೋಣ.

ಸಾಧು, ಸಾಧು, ಸಾಧು.

ನಮೋ ಬುದ್ಧಾಯ. ಜೈ ಭೀಮ್.