ಗಾರ್ಸಿಯಾ ದ ಓರ್ತಾ ಮತ್ತು ನಮ್ಮನೆಯ ಬಂಗುಡೆ

ಕಳಂಬೋಲಿಯಲ್ಲಿ ಬಾಡಿಗೆ ಮನೆ ಹುಡುಕುವಾಗ ಓನರ್ ಕೇಳಿದ ಮೊದಲ ಪ್ರಶ್ನೆ, ‘ವೆಜ್ಜಾ, ನಾನ್‌ವೆಜ್ಜಾ?’ ಕುಂದಾಪುರದವನಾದ ನಾನು ‘ವೆಜ್’ ಎಂದುಬಿಟ್ಟೆ. ಅಂದಿನಿಂದ ನಮ್ಮನೆಯಲ್ಲಿ ಬಂಗುಡೆ ಬೇಯುವುದು ಕಿಟಕಿ ಮುಚ್ಚಿದ ಮೇಲೆ. ಯಾರಾದರೂ ಊಟಕ್ಕೇನು ಎಂದು ಕೇಳಿದರೆ ‘ದಾಲ್, ಭಾಜಿ’ ಅನ್ನಬೇಕು ಎಂದು ಆರು ವರ್ಷದ ಮಗಳಿಗೂ ಹೇಳಿಕೊಟ್ಟಿದ್ದೇವೆ.

ಈ ಸುಳ್ಳು ಚುಚ್ಚತೊಡಗಿದ್ದು ಗಾರ್ಸಿಯಾ ದ ಓರ್ತಾನ ಬಗ್ಗೆ ಓದಿದ ಮೇಲೆ. ಪೋರ್ಚುಗಲ್‌ನ ವೈದ್ಯ, 1534ರಲ್ಲಿ ಗೋವೆಗೆ ಬಂದವನು. ಮುಂಬಯಿ ದ್ವೀಪವನ್ನೇ ಗುತ್ತಿಗೆಗೆ ಪಡೆದಿದ್ದ. (ಆ ಲೆಕ್ಕದಲ್ಲಿ ಅವನೂ ಇಲ್ಲಿ ಬಾಡಿಗೆದಾರನೇ!) 1563ರಲ್ಲಿ ಗೋವೆಯಲ್ಲಿ ಅಚ್ಚಾದ ಅವನ ಪುಸ್ತಕ ಇಬ್ಬರು ವೈದ್ಯರ ಮಾತುಕತೆಯ ರೂಪದಲ್ಲಿದೆ. ಒಬ್ಬ ಓರ್ತಾ, ಇನ್ನೊಬ್ಬ ಹಳೆಯ ಗ್ರಂಥಗಳನ್ನು ನೆಚ್ಚಿಕೊಂಡು ಬಂದ ರುವಾನೋ ಎಂಬ ಕಲ್ಪಿತ ಅತಿಥಿ. ಇಂಗು, ಅಫೀಮು, ಹುಣಸೆ, ಮುಂಬಯಿಯ ತನ್ನ ಮಾವಿನ ಮರ, ಕಾಲರಾ ರೋಗಿ, ಎಲ್ಲವೂ ಅಲ್ಲಿ ಬರುತ್ತವೆ. ಇಲ್ಲಿನ ವೈದ್ಯರನ್ನು, ವರ್ತಕರನ್ನು ಕೇಳಿ, ಕಣ್ಣಾರೆ ಕಂಡು ಬರೆದ. ಸ್ಪೇನಿನಲ್ಲಿದ್ದಿದ್ದರೆ ಗ್ಯಾಲೆನ್‌ನ ವಿರುದ್ಧ ಮಾತಾಡಲು ತನಗೆ ಧೈರ್ಯ ಬರುತ್ತಿರಲಿಲ್ಲ ಎಂದೂ ಒಪ್ಪಿಕೊಳ್ಳುತ್ತಾನೆ. ಊರು ಬಿಟ್ಟವನಿಗೆ ಸಿಗುವ ಧೈರ್ಯ ಅದು, ನಮಗೂ ಗೊತ್ತು.

ಗಿಡಮರಗಳ ವಿಷಯದಲ್ಲಿ ಇಷ್ಟು ನಿಷ್ಠುರನಾದವನು ತನ್ನ ವಿಷಯದಲ್ಲಿ ಬಾಯಿ ಬಿಡಲಿಲ್ಲ. ಅವನದು ಕ್ರೈಸ್ತರಾಗಿ ಮತಾಂತರಗೊಂಡ ಯಹೂದಿ ಮನೆತನ. 1560ರಲ್ಲಿ ಗೋವೆಗೂ ಇನ್‌ಕ್ವಿಸಿಷನ್ ಬಂದಿತ್ತು. 1568ರಲ್ಲಿ ಓರ್ತಾ ತೀರಿಕೊಂಡ. ಮರುವರ್ಷ ಅವನ ಸಹೋದರಿ ಕತರೀನಾಳನ್ನು ಗುಟ್ಟಾಗಿ ಯಹೂದಿ ಧರ್ಮ ಪಾಲಿಸಿದಳೆಂದು ಜೀವಂತ ಸುಟ್ಟರು. 1580ರಲ್ಲಿ ಅವನ ಎಲುಬುಗಳನ್ನೂ ಗೋರಿಯಿಂದ ತೆಗೆದು ಸುಟ್ಟರು.

ಹಾಗಾದರೆ ಅವನು ಸುಳ್ಳುಗಾರನೇ? ನನಗೆ ಹಾಗೆನ್ನಲು ಬಾಯಿ ಬರುವುದಿಲ್ಲ. ‘ಕೇಳಬಾರದ್ದನ್ನು ಕೇಳಿದವರಿಗೆ ನಿಜ ಹೇಳುವ ಹಂಗು ನಮಗೇನಿದೆ?’ ಎನ್ನುತ್ತಾಳೆ ಹೆಂಡತಿ. ಓರ್ತಾನ ಮಟ್ಟಿಗೆ ಅದು ಪೂರ್ತಿ ಸರಿ. ಆದರೆ ನನ್ನನ್ನು ಯಾರೂ ಸುಡುವುದಿಲ್ಲ. ಹೆಚ್ಚೆಂದರೆ ಇನ್ನೊಂದು ಮನೆ ಹುಡುಕಬೇಕು, ಬ್ರೋಕರ್‌ಗೆ ಮತ್ತೆ ಒಂದು ತಿಂಗಳ ಬಾಡಿಗೆ ತೆರಬೇಕು. ಅವನು ಪ್ರಾಣಕ್ಕೆ ಅಂಜಿ ಮುಚ್ಚಿಟ್ಟ. ನಾನು ಟೆಂಪೋ ಖರ್ಚಿಗೆ ಅಂಜಿ. ಎರಡಕ್ಕೂ ಒಂದೇ ಸಮರ್ಥನೆ ಕೊಡಲು ನಾಚಿಕೆಯಾಗುತ್ತದೆ.

ಕಳೆದ ಭಾನುವಾರ ಮೆಟ್ಟಿಲ ಮೇಲೆ ಓನರ್ ತಾಯಿ ಮಗಳನ್ನು ತಡೆದು, ಇವತ್ತು ಊಟಕ್ಕೇನು ಎಂದು ಕೇಳಿದರು. ‘ದಾಲ್, ಭಾಜಿ’ ಎಂದಳು, ತಡವರಿಸದೆ. ಅಜ್ಜಿ ಖುಷಿಯಾಗಿ ಒಂದು ಲಾಡು ಕೊಟ್ಟರು. ಮೇಲೆ ಬಂದವಳೇ ಅದರಲ್ಲಿ ಅರ್ಧ ಮುರಿದು ನನ್ನ ಕೈಗಿಟ್ಟಳು. ಅಗ್ರಿಮೆಂಟ್ ಮುಗಿಯಲು ಇನ್ನು ಎರಡು ತಿಂಗಳಿದೆ.