ದೇಶವ್ರತವೂ ದೂರದ ನಡಿಗೆಯೂ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅಹಿಂಸೆ, ಸತ್ಯ, ಪರಿಗ್ರಹ ಪರಿಮಾಣಗಳನ್ನು ಕುರಿತು ನಮ್ಮಲ್ಲಿ ಉಪನ್ಯಾಸಗಳಾಗುತ್ತವೆ. ದಿಗ್ವ್ರತ, ದೇಶವ್ರತಗಳನ್ನು ಕುರಿತು ಚರ್ಚೆ ನಡೆಯುವುದು ವಿರಳ. ಹತ್ತು ದಿಕ್ಕುಗಳಲ್ಲಿಯೂ ಇಂತಿಷ್ಟು ದೂರದಾಚೆಗೆ ಹೋಗೆನೆಂದು ಜೀವನಪರ್ಯಂತ ಮಾಡಿಕೊಳ್ಳುವ ಮಿತಿಯೇ ದಿಗ್ವ್ರತ. ಆ ಮಿತಿಯೊಳಗೆ ಒಂದು ಪಕ್ಷ, ಒಂದು ಮಾಸ, ಒಂದು ಋತು ಎಂದು ಕಾಲವನ್ನು ಗೊತ್ತುಪಡಿಸಿ, ಮನೆ, ಊರು, ಹೊಳೆ ಮುಂತಾದ ಗುರುತುಗಳಿಂದ ಎಲ್ಲೆಯನ್ನು ಇನ್ನಷ್ಟು ಕಿರಿದುಗೊಳಿಸುವುದು ದೇಶವ್ರತ. ಉಮಾಸ್ವಾಮಿಗಳು ಇದನ್ನು ದಿಗ್ವ್ರತದ ಬೆನ್ನಿಗೇ ಹೇಳಿದರೆ, ಸಮಂತಭದ್ರಾಚಾರ್ಯರು ದೇಶಾವಕಾಶಿಕವೆಂದು ಕರೆದು ಶಿಕ್ಷಾವ್ರತಗಳಲ್ಲಿ ಸೇರಿಸಿದ್ದಾರೆ. ಕ್ರಮ ಬೇರೆಯಾದರೂ ತಾತ್ಪರ್ಯ ಒಂದೇ: ಎಲ್ಲೆಯಾಚೆಯ ಸಕಲ ಆರಂಭಗಳಿಂದ ಗೃಹಸ್ಥನು ನಿವೃತ್ತನಾಗುವುದರಿಂದ, ಅಷ್ಟು ಕ್ಷೇತ್ರದ ಮಟ್ಟಿಗೆ ಅವನು ಮಹಾವ್ರತಿಗೆ ಸಮಾನನಾಗುತ್ತಾನೆ.

ಕಾಲ್ನಡಿಗೆ, ಎತ್ತಿನ ಗಾಡಿಗಳ ಕಾಲದಲ್ಲಿ ಹುಟ್ಟಿದ ಈ ವ್ರತ, ಕುಳಿತಲ್ಲಿಂದಲೇ ಲೋಕವನ್ನೆಲ್ಲ ಕಾಣುವ ಇಂದಿನವರಿಗೆ ಏನು ಹೇಳುತ್ತದೆ? ಈ ಪ್ರಶ್ನೆಯನ್ನು ನನ್ನ ಮುಂದೆ ಇಟ್ಟವರು ನನ್ನ ಅಕ್ಕ.

ಅಕ್ಕ ಮೂಡುಬಿದಿರೆಯಲ್ಲಿದ್ದಾರೆ. 2022ರ ಚಾತುರ್ಮಾಸದಲ್ಲಿ ಊರಿನ ಹದಿನೆಂಟು ಬಸದಿಗಳ ಆಚೆಗೆ ಹೋಗುವುದಿಲ್ಲವೆಂದು ನಿಯಮ ಹಿಡಿದಿದ್ದರು. ಅದೇ ಸಮಯದಲ್ಲಿ ಅಮೆರಿಕದಲ್ಲಿ ಹುಟ್ಟಿ ಬೆಳೆದ ಅವರ ಮೊಮ್ಮಗ ಅಪಲೇಷಿಯನ್ ಕಾಲುದಾರಿಯಲ್ಲಿ ಒಬ್ಬನೇ ನಡೆಯುತ್ತಿದ್ದ. ಜಾರ್ಜಿಯಾ ರಾಜ್ಯದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್ ಶಿಖರದವರೆಗೆ ಹದಿನಾಲ್ಕು ರಾಜ್ಯಗಳನ್ನು ಹಾಯ್ದು ಹೋಗುವ ಈ ದಾರಿಯ ಉದ್ದ ಸುಮಾರು 3,500 ಕಿಲೋಮೀಟರು. ಮರಗಳ ಮೇಲೆ ಬಳಿದ ಬಿಳಿಯ ಪಟ್ಟಿಗಳೇ ದಾರಿಗುರುತು. ಪೂರ್ತಿ ನಡೆಯುವವರಿಗೆ ಸಾಮಾನ್ಯವಾಗಿ ಐದರಿಂದ ಏಳು ತಿಂಗಳು ಹಿಡಿಯುತ್ತದೆ. ಹುಡುಗನ ಚೀಲದಲ್ಲಿ ಉಪಗ್ರಹದ ಮೂಲಕ ತಾನಿರುವ ಸ್ಥಳವನ್ನು ತಿಳಿಸುವ ಪುಟ್ಟ ಉಪಕರಣವಿತ್ತು. ಅಕ್ಕನ ಮೊಬೈಲಿನ ಭೂಪಟದಲ್ಲಿ ಅವನು ಒಂದು ಚುಕ್ಕೆಯಾಗಿ ಉತ್ತರಕ್ಕೆ ಸರಿಯುತ್ತಿದ್ದ. ಅಲ್ಲಿಗೂ ನಮಗೂ ಬೇಸಗೆಯಲ್ಲಿ ಒಂಬತ್ತೂವರೆ ಗಂಟೆಗಳ ಅಂತರ. ಅವನು ನಡೆಯುವ ಹೊತ್ತು ಬಹುಪಾಲು ನಮ್ಮ ರಾತ್ರಿ. ಹಾಗಾಗಿ ಅಕ್ಕನ ನಿದ್ರೆಗೂ ಸಂಚಕಾರ ಬಂದಿತ್ತು.

ಒಂದು ದಿನ ಅವರು ಕೇಳಿದರು: "ತಮ್ಮಾ, ನಾನು ಎಲ್ಲೆಯಿಂದ ಒಂದು ಹೆಜ್ಜೆಯನ್ನೂ ಆಚೆಗೆ ಇಟ್ಟಿಲ್ಲ. ಆದರೆ ಅವನೊಡನೆ ಮಾತನಾಡುತ್ತೇನೆ, ಮುಖ ನೋಡುತ್ತೇನೆ, ನನ್ನ ಮುಖ ತೋರಿಸುತ್ತೇನೆ. ಮುಂದಿನ ಊರಿನ ಅಂಚೆ ಕಚೇರಿಗೆ ಅವಲಕ್ಕಿ, ಬೇಳೆ ಕಳುಹಿಸೆಂದು ಮಗನಿಗೆ ಹೇಳುತ್ತೇನೆ. ನನ್ನ ವ್ರತ ಉಳಿದಿದೆಯೇ?"

ಇದು ಕೇವಲ ಮುದುಕಿಯೊಬ್ಬರ ಸಂಕೋಚವಲ್ಲ. ತತ್ತ್ವಾರ್ಥಸೂತ್ರದಲ್ಲಿ ದೇಶವ್ರತಕ್ಕೆ ಹೇಳಿರುವ ಐದು ಅತಿಚಾರಗಳನ್ನು ನೆನೆದರೆ ಪ್ರಶ್ನೆಯ ತೂಕ ತಿಳಿಯುತ್ತದೆ. ಎಲ್ಲೆಯಾಚೆಯಿಂದ ವಸ್ತುವನ್ನು ತರಿಸುವುದು ಆನಯನ. ಬೇರೊಬ್ಬರನ್ನು ನಿಯೋಜಿಸಿ ಅಲ್ಲಿ ಕೆಲಸ ಮಾಡಿಸುವುದು ಪ್ರೇಷ್ಯಪ್ರಯೋಗ. ಕೆಮ್ಮು ಮೊದಲಾದ ಧ್ವನಿಯಿಂದ ಆಚೆಯವರನ್ನು ಎಚ್ಚರಿಸುವುದು ಶಬ್ದಾನುಪಾತ. ತನ್ನ ರೂಪವನ್ನು ತೋರಿಸಿ ಸಂಜ್ಞೆ ಮಾಡುವುದು ರೂಪಾನುಪಾತ. ಹೆಂಟೆ, ಕಲ್ಲು ಎಸೆದು ಗಮನ ಸೆಳೆಯುವುದು ಪುದ್ಗಲಕ್ಷೇಪ. ದೇಹವನ್ನು ಒಳಗಿಟ್ಟುಕೊಂಡೇ ಮನುಷ್ಯನು ಎಷ್ಟು ದಾರಿಗಳಿಂದ ಹೊರಗೆ ಹೋಗಬಲ್ಲನೆಂಬುದನ್ನು ಆಚಾರ್ಯರು ಬಲ್ಲವರಾಗಿದ್ದರು. ದೂರವಾಣಿ ಶಬ್ದವನ್ನೂ, ಅದರ ಪರದೆ ರೂಪವನ್ನೂ ಸಾವಿರಾರು ಹರದಾರಿ ದಾಟಿಸಿವೆ. ಅತಿಚಾರದ ಲಕ್ಷಣ ಮಾತ್ರ ಬದಲಾಗಿಲ್ಲ.

ಆದರೆ ಲಕ್ಷಣವನ್ನು ಅನ್ವಯಿಸುವಾಗ ಭಾವವನ್ನು ಬಿಡಲಾಗದು. ಈ ಐದರಲ್ಲಿಯೂ ಸಮಾನವಾದ ಅಂಶ ಯಾವುದು? ಎಲ್ಲೆಯಾಚೆ ತನ್ನ ಕಾರ್ಯವನ್ನು ಸಾಧಿಸಿಕೊಳ್ಳುವ ಇಚ್ಛೆ. ಕೆಮ್ಮು ದೋಷವಲ್ಲ, ಆ ಕೆಮ್ಮಿನಿಂದ ಆಚೆಯ ಆಳು ತನ್ನ ಕೆಲಸಕ್ಕೆ ಓಡಲಿ ಎಂಬುದು ದೋಷ. ಮೊಮ್ಮಗನ ಕ್ಷೇಮವನ್ನು ವಿಚಾರಿಸುವುದು ವ್ಯವಹಾರವಲ್ಲ. "ಇಂದು ಮುಂದೆ ಹೋಗಬೇಡ, ಅಲ್ಲಿಯೇ ತಂಗು" ಎಂದು ಇಲ್ಲಿಂದಲೇ ಅವನ ನಡಿಗೆಯನ್ನು ನಡೆಸತೊಡಗಿದರೆ ಅದು ವ್ಯವಹಾರ. ಆಹಾರದ ಪೊಟ್ಟಣದ ಮಾತು ಇನ್ನೂ ಸ್ಪಷ್ಟ. ತಂದೆ ತಾನಾಗಿ ಮಗನಿಗೆ ಕಳುಹಿಸಿದರೆ ಅಕ್ಕನಿಗೆ ಸಂಬಂಧವಿಲ್ಲ; ಅಕ್ಕ ಪಟ್ಟಿ ಹೇಳಿ ಕಳುಹಿಸಿದರೆ ಅದು ಪ್ರೇಷ್ಯಪ್ರಯೋಗಕ್ಕೆ ಬಹು ಸಮೀಪ. ಅಕ್ಕ ಇದನ್ನು ಒಪ್ಪಿ ಪಟ್ಟಿ ಹೇಳುವುದನ್ನು ನಿಲ್ಲಿಸಿದರು. ಹುಡುಗನಿಗೆ ಊಟ ತಪ್ಪಲಿಲ್ಲ.

ಉಳಿದದ್ದು ಕಠಿಣತರವಾದ ಪ್ರಶ್ನೆ. ಮಾತನ್ನು ಮಿತಗೊಳಿಸಬಹುದು, ಮನಸ್ಸನ್ನು? ಆಗಸ್ಟ್ ತಿಂಗಳಲ್ಲಿ ಒಮ್ಮೆ ಆ ಚುಕ್ಕೆ ಒಂದೂವರೆ ದಿನ ಅಲುಗಲಿಲ್ಲ. ಆಳವಾದ ಕಣಿವೆಯಲ್ಲಿ, ದಟ್ಟ ಮರಗಳ ಕೆಳಗೆ ಉಪಗ್ರಹದ ಸಂಪರ್ಕ ತಪ್ಪುವುದುಂಟು. ವಿದ್ಯುತ್ಕೋಶ ಬರಿದಾಗುವುದೂ ಉಂಟು. ಆದರೂ ಆ ಮನೆಯಲ್ಲಿ ಒಲೆ ಉರಿಯಲಿಲ್ಲ. ಇದು ಉಪವಾಸವೇ? ಅಲ್ಲ. ಇಷ್ಟವಿಯೋಗದಿಂದ ಹುಟ್ಟುವ ಆರ್ತಧ್ಯಾನವೆಂದು ಶಾಸ್ತ್ರ ಇದನ್ನು ಗುರುತಿಸುತ್ತದೆ. ಹೊಟ್ಟೆ ಬರಿದಾಗಿದ್ದರೂ ಕರ್ಮದ ಆಸ್ರವ ನಿಂತಿರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅಜ್ಜಿಯ ಕಳವಳವನ್ನು ಶಾಸ್ತ್ರದ ತಕ್ಕಡಿಯಲ್ಲಿ ತೂಗುವುದು ನಿರ್ದಯವಲ್ಲವೇ? ವಾತ್ಸಲ್ಯವೂ ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಒಂದಲ್ಲವೇ? ನಿಜ. ಆದರೆ ವಾತ್ಸಲ್ಯ ಇನ್ನೊಬ್ಬರ ಹಿತವನ್ನು ನೋಡುತ್ತದೆ. ಮೋಹ ತನ್ನ ಸಮಾಧಾನವನ್ನು ಬೇಡುತ್ತದೆ. ಚುಕ್ಕೆ ಅಲುಗಿದೊಡನೆ ನಮಗಾಗುವ ಹರ್ಷ ಅವನ ಸುಖಕ್ಕಾಗಿಯೋ ನಮ್ಮ ಭಯ ತೀರಿದ್ದಕ್ಕಾಗಿಯೋ ಎಂದು ಪ್ರತಿಯೊಬ್ಬರೂ ಕೇಳಿಕೊಳ್ಳಬಹುದು.

ಹಾಗೆಂದು ನೋಡುವುದೆಲ್ಲ ವ್ಯರ್ಥವಲ್ಲ. ಕಾಡಿನಲ್ಲಿ ಕಾಲು ಮುರಿದವನ ನೆರವಿಗೆ ಹೋಗಲು ಅವನು ಎಲ್ಲಿದ್ದಾನೆಂದು ಯಾರಾದರೂ ತಿಳಿದಿರಲೇಬೇಕು. ಅನರ್ಥದಂಡವಿರತಿ ನಮಗೆ ಕಲಿಸುವ ವಿವೇಕವೂ ಇದೇ: ಪ್ರಯೋಜನವುಳ್ಳ ಪ್ರವೃತ್ತಿ ಬೇರೆ, ನಿಷ್ಪ್ರಯೋಜಕವಾದುದು ಬೇರೆ. ದಿನಕ್ಕೆ ಎರಡು ಬಾರಿ ನೋಡುವುದರಿಂದ ಸಿಗುವ ರಕ್ಷಣೆ ಇನ್ನೂರು ಬಾರಿ ನೋಡಿದರೆ ನೂರು ಮಡಿಯಾಗುವುದಿಲ್ಲ. ಲಾಭ ಅಷ್ಟೇ, ವೆಚ್ಚ ಮಾತ್ರ ಏರುತ್ತದೆ. ಇದು ಯಾವ ವರ್ತಕನಿಗಾದರೂ ತಿಳಿಯುವ ಲೆಕ್ಕ. ಅಕ್ಕ ಬೆಳಗಿನ ಜಿನದರ್ಶನದ ಬಳಿಕ ಒಮ್ಮೆ, ಸಂಜೆಯ ಸಾಮಾಯಿಕಕ್ಕೆ ಮುನ್ನ ಒಮ್ಮೆ ನೋಡುವುದೆಂದು ಗೊತ್ತುಮಾಡಿಕೊಂಡರು. ಕ್ಷೇತ್ರಕ್ಕೆ ಎಲ್ಲೆ ಹಾಕಿದಂತೆ ಕಣ್ಣಿಗೂ ಎಲ್ಲೆ ಹಾಕಿದ್ದಾಯಿತು. ಮೊದಲ ವಾರ ಬಹಳ ಕಷ್ಟವಾಯಿತೆಂದೂ, ಅನಂತರವೂ ಸುಲಭವಾಗಲಿಲ್ಲವೆಂದೂ ಅವರೇ ಹೇಳಿದರು. ಸುಲಭವಾಗಿದ್ದರೆ ಅದಕ್ಕೆ ವ್ರತವೆಂಬ ಹೆಸರೇಕೆ?

ಅದೇ ದಾರಿಯನ್ನು 1955ರಲ್ಲಿ ಓಹಾಯೋ ರಾಜ್ಯದ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ತಾಯಿ ಒಬ್ಬರೇ ನಡೆದು ಪೂರೈಸಿದರು. ಹನ್ನೊಂದು ಮಕ್ಕಳ ತಾಯಿ ಆಕೆ. ಮಕ್ಕಳಿಗೆ ತಿಳಿಸಿದ್ದು ನಡೆಯಲು ಹೋಗುತ್ತೇನೆಂದಷ್ಟೇ. ಎಲ್ಲಿಗೆ, ಎಷ್ಟು ದೂರವೆಂದು ಹೇಳಿರಲಿಲ್ಲ. ಅವರು ಬಿದ್ದಿದ್ದರೆ ಹುಡುಕುವವರಿಗೆ ದಿಕ್ಕೇ ತಿಳಿಯುತ್ತಿರಲಿಲ್ಲ. ಆ ಅಜ್ಞಾನವನ್ನು ನಾವು ಹೊಗಳಬೇಕಾಗಿಲ್ಲ. ಆದರೆ ನೋಡಲಾಗದ ಕಾರಣಕ್ಕೆ ಆ ಮಕ್ಕಳ ಪ್ರೀತಿ ಕಡಿಮೆಯಾಗಿತ್ತೆಂದು ಯಾರೂ ಹೇಳಲಾರರು. ನೋಡುವುದೇ ಪ್ರೀತಿಯ ಅಳತೆಯಲ್ಲ.

ಇಂಥ ನಡಿಗೆಯನ್ನು ಮುನಿಗಳ ವಿಹಾರಕ್ಕೆ ಹೋಲಿಸುವ ಉತ್ಸಾಹ ಕೆಲವರಲ್ಲಿದೆ. ಅದು ಸಲ್ಲದು. ಮುನಿಗೆ ಮರಳುವ ಮನೆಯಿಲ್ಲ, ತಲುಪಲೇಬೇಕಾದ ಶಿಖರವಿಲ್ಲ. ಈ ಹುಡುಗನಿಗೆ ಎರಡೂ ಇವೆ. ಆದರೂ ಅವನ ಚೀಲ ನಮಗೆ ಒಂದು ಪಾಠ ಹೇಳುತ್ತದೆ. ಹೆಗಲು ಹೊರುವಷ್ಟನ್ನೇ ಇಟ್ಟುಕೊಂಡು ಆರು ತಿಂಗಳು ಬದುಕಬಹುದೆಂಬುದು ಪರಿಗ್ರಹ ಪರಿಮಾಣಕ್ಕೆ ಪ್ರತ್ಯಕ್ಷ ಪ್ರಮಾಣ.

ನಮ್ಮ ಭಾಷೆಯಲ್ಲಿ ಹಿಂಬಾಲಿಸುವುದೆಂದರೆ ಕಣ್ಣಿನಿಂದ ಬೆನ್ನಟ್ಟುವುದಷ್ಟೇ ಅಲ್ಲ, ನಡೆದವರ ನಡೆಯನ್ನು ಅನುಸರಿಸುವುದೂ ಹೌದು. ಬೆಳಗಾವಿ ಜಿಲ್ಲೆಯ ಸದಲಗಾದ ಯುವಕರೊಬ್ಬರು 1968ರಲ್ಲಿ ಅಜಮೇರಿನಲ್ಲಿ ಮುನಿದೀಕ್ಷೆ ಪಡೆದು, ಮುಂದೆ ಆಚಾರ್ಯ ವಿದ್ಯಾಸಾಗರರೆಂದು ಪ್ರಸಿದ್ಧರಾದರು. ಅವರ ತಂದೆತಾಯಿಗಳೂ ಸಹೋದರರಲ್ಲಿ ಇಬ್ಬರೂ ಕಾಲಕ್ರಮದಲ್ಲಿ ದೀಕ್ಷೆ ಹಿಡಿದರು. ಅಂಥ ಅನುಸರಣೆ ಎಲ್ಲರಿಗೂ ಸಾಧ್ಯವಲ್ಲ. ಆದರೆ ಮನೆಯಲ್ಲಿ ಕುಳಿತವರು ದೂರ ಹೋದವರ ಜಾಡನ್ನು ಮಾತ್ರ ನೋಡದೆ, ಅವರು ಬಿಟ್ಟು ನಡೆದ ಹೊರೆಯಲ್ಲಿ ಒಂದಿಷ್ಟನ್ನಾದರೂ ತಾವೂ ಇಳಿಸಬಹುದು. ಕೃತ, ಕಾರಿತ, ಅನುಮೋದನೆಗಳಲ್ಲಿ ಮೂರನೆಯದು ಸಾರ್ಥಕವಾಗುವುದು ಹೀಗೆ.

ಹುಡುಗನು ಸೆಪ್ಟೆಂಬರಿನಲ್ಲಿ ಕಟಾಡಿನ್ ತಲುಪಿದ. ಮುಂದಿನ ಚಾತುರ್ಮಾಸದಲ್ಲಿ ದೇಶವ್ರತ ಹಿಡಿಯುವ ಧರ್ಮಬಂಧುಗಳಲ್ಲಿ ನನ್ನ ವಿನಂತಿ ಒಂದೇ. ಊರು, ಹೊಳೆ, ಬೀದಿಗಳ ಎಲ್ಲೆಯನ್ನು ಹೇಳುವಾಗ ದೂರವಾಣಿಯ ಎಲ್ಲೆಯನ್ನೂ ಬಾಯಿಬಿಟ್ಟು ಹೇಳಿರಿ: ಯಾರೊಡನೆ, ಎಷ್ಟು ಹೊತ್ತು, ಯಾವ ಪ್ರಯೋಜನಕ್ಕೆ ಎಂದು. ಹಿಡಿಯುವಾಗ ಸ್ಪಷ್ಟವಿಲ್ಲದ ವ್ರತವನ್ನು ಪಾಲಿಸುವಾಗ ಸ್ಪಷ್ಟಪಡಿಸಿಕೊಳ್ಳುವುದು ಕಷ್ಟ.